ರಾಣಿಗೊಬ್ಬಳು ಅಕ್ಕ

ಇಂಗ್ಲಿಷಿನವರು ಅವಳನ್ನು ‘ಹಾಫ್ ಸಿಸ್ಟರ್’ ಎಂದು ಬರೆಯುತ್ತಾರೆ. ಅರ್ಧ ಅಕ್ಕ! ಕನ್ನಡದಲ್ಲಿ ನಾವು ಅಕ್ಕಂದಿರನ್ನು ಅರ್ಧ, ಮುಕ್ಕಾಲು ಎಂದು ಅಳೆಯುವುದಿಲ್ಲ. ಸಹೋದರಿ ಎಂದರೆ ಒಂದೇ ಉದರದಲ್ಲಿ ಹುಟ್ಟಿದವಳು, ಅಷ್ಟೇ. ತಂದೆ ಯಾರು ಎಂದು ಆ ಶಬ್ದ ವಿಚಾರಿಸುವುದಿಲ್ಲ. ಆ ಲೆಕ್ಕದಲ್ಲಿ ಫಿಯೋಡೋರಾ ವಿಕ್ಟೋರಿಯಾ ರಾಣಿಗೆ ಪೂರ್ತಿ ಅಕ್ಕ. ಆದರೆ ಯುರೋಪಿನ ಅರಮನೆಗಳ ವಂಶವೃಕ್ಷಗಳು ಗಂಡು ಕೊಂಬೆಯನ್ನೇ ಹಿಡಿದು ಬೆಳೆದವು. ಹಾಗಾಗಿ ಈ ಅಕ್ಕ ಇಂಗ್ಲೆಂಡಿನ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗಿ ಉಳಿದುಕೊಂಡಳು. ಅಡಿಟಿಪ್ಪಣಿಗಳನ್ನು ಮೊದಲು ಓದುವ ಕೆಟ್ಟ ಚಾಳಿ ನನಗಿದೆ.

ಅವಳು ಹುಟ್ಟಿದ್ದು 1807ರ ಡಿಸೆಂಬರ್ 7ರಂದು, ಜರ್ಮನಿಯ ಆಮೊರ್‌ಬಾಖ್ ಎಂಬ ಪುಟ್ಟ ಊರಿನಲ್ಲಿ. ತಂದೆ ಲೈನಿಂಗೆನ್‌ನ ಪ್ರಿನ್ಸ್ ಎಮಿಖ್ ಕಾರ್ಲ್. ತಾಯಿ ಕೋಬುರ್ಗ್ ಮನೆತನದ ವಿಕ್ಟೋರಿಯಾ. ರಾಣಿಯಾದ ಮಗಳ ಹೆಸರೂ ಅದೇ ಆದ್ದರಿಂದ ಗೊಂದಲ ಬೇಡವೆಂದು ತಾಯಿಯನ್ನು ಇಲ್ಲಿ ವಿಕ್ಟೋರ್ ಎಂದೇ ಕರೆಯುತ್ತೇನೆ. ಮದುವೆಯಾದಾಗ ವಿಕ್ಟೋರ್‌ಗೆ 17 ವರ್ಷ, ಗಂಡನಿಗೆ 40. ಅವನೇನು ಹೊರಗಿನವನಲ್ಲ, ತೀರಿಹೋದ ಚಿಕ್ಕಮ್ಮನ ಗಂಡ. ಚಿಕ್ಕಪ್ಪನೇ ಗಂಡನಾದ ಮನೆಯಲ್ಲಿ ಇಬ್ಬರು ಮಕ್ಕಳು: ದೊಡ್ಡವನು ಕಾರ್ಲ್, ಚಿಕ್ಕವಳು ಫಿಯೋಡೋರಾ. ಮಗುವಿಗೆ ಇಟ್ಟ ಹೆಸರು ಆನ್ನಾ ಫಿಯೋಡೋರಾ ಎಂದು ಶುರುವಾಗಿ ಇನ್ನೂ ಉದ್ದಕ್ಕೆ ಹೋಗುತ್ತದೆ. ಜರ್ಮನಿಯ ಮಗುವಿಗೆ ರಷ್ಯದ ಹೆಸರೇಕೆ ಅಂದರೆ, ತಾಯಿಯ ಅಕ್ಕ ರಷ್ಯದ ರಾಜಕುಮಾರನನ್ನು ಮದುವೆಯಾಗಿ, ಮತ ಬದಲಿಸಿ, ಆನ್ನಾ ಫಿಯೋಡೊರೋವ್ನಾ ಆಗಿದ್ದಳು.

‘ಪ್ರಿನ್ಸ್’ ಎಂದೊಡನೆ ಆನೆ, ಕುದುರೆ, ಸೈನ್ಯ ಕಲ್ಪಿಸಿಕೊಳ್ಳಬಾರದು. ಲೈನಿಂಗೆನ್ ಮನೆತನದ ಮೂಲ ನೆಲೆ ರೈನ್ ನದಿಯ ಎಡದಂಡೆಯ ಡ್ಯೂರ್ಕ್‌ಹೈಮ್. ಫ್ರೆಂಚ್ ಕ್ರಾಂತಿಯ ಸೈನ್ಯ 1794ರಲ್ಲಿ ಅಲ್ಲಿನ ಅರಮನೆ ಸುಟ್ಟಿತು, ಮುಂದೆ ಆ ದಂಡೆಯೇ ಫ್ರಾನ್ಸಿನ ಪಾಲಾಯಿತು. ಕಳೆದುಕೊಂಡವರಿಗೆ ಪರಿಹಾರವಾಗಿ ಚರ್ಚಿನ ಆಸ್ತಿಗಳನ್ನು ಕಿತ್ತು ಹಂಚಿದಾಗ, 1803ರಲ್ಲಿ, ಇವರಿಗೆ ಸಿಕ್ಕಿದ್ದು ಆಮೊರ್‌ಬಾಖ್‌ನ ಹಳೆಯ ಬೆನೆಡಿಕ್ಟೈನ್ ಮಠ ಮತ್ತು ಸುತ್ತಲಿನ ಕಾಡು. ಸನ್ಯಾಸಿಗಳು ಬಿಟ್ಟುಹೋದ ಊರಿನಲ್ಲಿ ಸಂಸಾರಸ್ಥರು ಆಸ್ಥಾನ ಹೂಡಿದರು. ಆ ಆಳ್ವಿಕೆಯೂ ಮೂರೇ ವರ್ಷ. 1806ರಲ್ಲಿ ನೆಪೋಲಿಯನ್ ಜರ್ಮನಿಯ ಭೂಪಟವನ್ನು ಮತ್ತೆ ಗೀಚಿದ; ಹತ್ತಾರು ಚಿಕ್ಕ ಸಂಸ್ಥಾನಗಳು ಪಕ್ಕದ ದೊಡ್ಡವರ ಹೊಟ್ಟೆ ಸೇರಿದವು. ಆಮೊರ್‌ಬಾಖ್ ಮೊದಲು ಬಾಡೆನ್‌ಗೆ ಹೋಯಿತು, 1810ರಲ್ಲಿ ಹೆಸ್ಸೆಗೆ, 1816ರಲ್ಲಿ ಬವೇರಿಯಾಕ್ಕೆ. ಹತ್ತು ವರ್ಷದಲ್ಲಿ ಮೂರು ದೊರೆಗಳು. ಅಂದರೆ ಫಿಯೋಡೋರಾ ಹುಟ್ಟುವ ಹೊತ್ತಿಗೇ ಅವಳ ಅಪ್ಪನ ರಾಜ್ಯ ಇರಲಿಲ್ಲ. ಬಿರುದು ಇತ್ತು, ಕಾಡು ಇತ್ತು, ಸಾಲ ಇತ್ತು.

ಇಲ್ಲೊಂದು ಸೂಕ್ಷ್ಮ ಇದೆ, ಅದು ತಿಳಿಯದಿದ್ದರೆ ಮುಂದಿನದ್ಯಾವುದೂ ಅರ್ಥವಾಗುವುದಿಲ್ಲ. ನೆಪೋಲಿಯನ್ ಸೋತ ಮೇಲೆ, 1815ರಲ್ಲಿ, ಜರ್ಮನ್ ಒಕ್ಕೂಟದ ಶಾಸನ ಬಂತು. ರಾಜ್ಯ ಕಳೆದುಕೊಂಡ ಈ ಮನೆತನಗಳಿಗೆ ಅದು ಭೂಮಿಯನ್ನೇನೂ ವಾಪಸು ಕೊಡಲಿಲ್ಲ. ಆದರೆ ಅದರ 14ನೆಯ ವಿಧಿ ಒಂದು ಮಾತು ಕೊಟ್ಟಿತು: ಹುಟ್ಟಿನಲ್ಲಿ ಇವರು ಆಳುವ ಮನೆತನಗಳಿಗೆ ಸಮಾನರು. ಗದ್ದುಗೆ ಇಲ್ಲ, ಗದ್ದುಗೆಯವರ ಜೊತೆ ಹೆಣ್ಣು ಕೊಟ್ಟು ತರುವ ಅರ್ಹತೆ ಇದೆ. ಗೋಥಾದಲ್ಲಿ ಅಚ್ಚಾಗುತ್ತಿದ್ದ ರಾಜವಂಶಗಳ ಪಂಚಾಂಗದಲ್ಲಿ ಇಂಥವರಿಗೆಂದೇ ಎರಡನೆಯ ಭಾಗ ಇತ್ತು. ನಮ್ಮ ಮದುವೆ ದಲ್ಲಾಳಿಗಳ ಚೀಲದಲ್ಲಿ ಜಾತಕದ ಕಟ್ಟು ಇದ್ದಂತೆ ಅವರಿಗೆ ಆ ಪುಸ್ತಕ. ಜರ್ಮನಿಯ ಈ ಸಣ್ಣ ಮನೆತನಗಳು ಮುಂದಿನ ನೂರು ವರ್ಷ ಯುರೋಪಿನ ಸಿಂಹಾಸನಗಳಿಗೆ ವಧೂವರರನ್ನು ಸರಬರಾಜು ಮಾಡಿದ್ದು ಈ ಒಂದು ವಿಧಿಯ ಬಲದಿಂದ.

ಎಮಿಖ್ ಕಾರ್ಲ್ 1814ರಲ್ಲಿ ತೀರಿಕೊಂಡ. ವಿಕ್ಟೋರ್ 27ಕ್ಕೆ ವಿಧವೆ. ಹತ್ತು ವರ್ಷ ತುಂಬದ ಮಗನ ಪರವಾಗಿ ಆಸ್ತಿ ನೋಡಿಕೊಳ್ಳುವ ಹೊಣೆ ಅವಳ ಹೆಗಲಿಗೆ. ಅಷ್ಟರಲ್ಲಿ ದೂರದ ಇಂಗ್ಲೆಂಡಿನಲ್ಲಿ ಒಂದು ಸಾವು ಇವರ ಬದುಕನ್ನು ತಿರುಗಿಸಿತು. 1817ರ ನವೆಂಬರಿನಲ್ಲಿ ರಾಜಕುಮಾರಿ ಶಾರ್ಲೆಟ್ ಹೆರಿಗೆಯಲ್ಲಿ ತೀರಿಹೋದಳು, ಮಗುವೂ ಉಳಿಯಲಿಲ್ಲ. ಮೂರನೆಯ ಜಾರ್ಜ್ ದೊರೆಗೆ ಹದಿನೈದು ಮಕ್ಕಳು ಹುಟ್ಟಿದ್ದರೂ ಸಕ್ರಮವಾಗಿ ಹುಟ್ಟಿದ ಒಂದೇ ಒಂದು ಮೊಮ್ಮಗು ಉಳಿದಿರಲಿಲ್ಲ. ಐವತ್ತರ ಆಸುಪಾಸಿನ ರಾಜಕುಮಾರರು ತಮ್ಮ ಹಳೆಯ ಗೆಳತಿಯರನ್ನು ಬಿಟ್ಟು ಹೆಣ್ಣು ಹುಡುಕಲು ಓಡಿದರು. ಸಾಲದಲ್ಲಿ ಮುಳುಗಿದ್ದ ಕೆಂಟ್ ಡ್ಯೂಕ್ ಎಡ್ವರ್ಡ್ ಬಂದು ನಿಂತಿದ್ದು ಆಮೊರ್‌ಬಾಖ್‌ನ ವಿಧವೆಯ ಬಾಗಿಲಲ್ಲಿ. ತೀರಿಹೋದ ಶಾರ್ಲೆಟ್‌ಳ ಗಂಡ ಲಿಯೋಪೋಲ್ಡ್ ಈ ವಿಧವೆಯ ತಮ್ಮ. ಸಂಬಂಧ ಎಲ್ಲಿಂದ ಕುದುರಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

1818ರಲ್ಲಿ ಮದುವೆ. ಮರುವರ್ಷ ವಿಕ್ಟೋರ್ ತುಂಬು ಗರ್ಭಿಣಿ. ಮಗು ಇಂಗ್ಲೆಂಡಿನ ನೆಲದಲ್ಲೇ ಹುಟ್ಟಬೇಕು, ನಾಳೆ ಯಾರೂ ಹಕ್ಕಿನ ಮಾತು ಎತ್ತಬಾರದು ಎಂಬುದು ಡ್ಯೂಕನ ಹಟ. ಮಾರ್ಚ್ ಕೊನೆಗೆ ಗಾಡಿಗಳ ಸಾಲು ಹೊರಟಿತು. ಖರ್ಚು ಉಳಿಸಲು ಡ್ಯೂಕನೇ ಗಾಡಿ ಹೊಡೆಯುತ್ತಿದ್ದ. ಒಳಗೆ ಎಂಟು ತಿಂಗಳ ಬಸುರಿ ಹೆಂಡತಿ, ಹನ್ನೊಂದು ವರ್ಷದ ಫಿಯೋಡೋರಾ, ಅವಳ ಶಿಕ್ಷಕಿ ಲೇಟ್‌ಸೆನ್, ನಾಯಿಮರಿಗಳು, ಪಂಜರದ ಹಕ್ಕಿಗಳು. ಜೊತೆಗೆ ಹೆರಿಗೆಯ ವೈದ್ಯೆ ಸೀಬೋಲ್ಡ್. ಈ ವೈದ್ಯೆ ಮೇ 24ರಂದು ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ವಿಕ್ಟೋರಿಯಾಳ ಹೆರಿಗೆ ಮಾಡಿಸಿ ಊರಿಗೆ ಮರಳಿದವಳು, ಮೂರು ತಿಂಗಳ ಬಳಿಕ ಕೋಬುರ್ಗ್ ಹತ್ತಿರ ಇನ್ನೊಂದು ಮಗುವನ್ನು ಭೂಮಿಗೆ ತಂದಳು. ಆ ಮಗು ಆಲ್ಬರ್ಟ್, ಮುಂದೆ ವಿಕ್ಟೋರಿಯಾಳ ಗಂಡ. ಸೂಲಗಿತ್ತಿಯೇ ಜೋಡಿ ಕೂಡಿಸಿದಂತೆ ಇದೆ.

ಡ್ಯೂಕ್ ಎಂಟೇ ತಿಂಗಳಲ್ಲಿ, 1820ರ ಜನವರಿಯಲ್ಲಿ, ನೆಗಡಿಯಿಂದ ಶುರುವಾದ ಕಾಯಿಲೆಯಲ್ಲಿ ಸತ್ತ. ಬಿಟ್ಟುಹೋದದ್ದು ಸಾಲ ಮತ್ತು ಸಿಂಹಾಸನಕ್ಕೆ ಹತ್ತಿರವಿದ್ದ ಒಂದು ಕೂಸು. ಫಿಯೋಡೋರಾಗೆ ಎರಡನೆಯ ಸಲ ತಂದೆ ಇಲ್ಲವಾಯಿತು. ಇಂಗ್ಲೆಂಡಿನಲ್ಲಿ ಅವಳಿಗೆ ಯಾವ ಹಕ್ಕೂ ಇಲ್ಲ, ಯಾವ ಭತ್ಯೆಯೂ ಇಲ್ಲ. ತಂಗಿಯ ರಕ್ತದಲ್ಲಿ ರಾಜ್ಯ ಇತ್ತು, ಇವಳದರಲ್ಲಿ ಇರಲಿಲ್ಲ. ಒಂದೇ ತಾಯಿಯ ಮಡಿಲು, ಒಂದೇ ಮನೆ, ಒಬ್ಬಳೇ ಶಿಕ್ಷಕಿ. ಲೇಟ್‌ಸೆನ್ ಕೂಡ 1824ರಲ್ಲಿ ಚಿಕ್ಕವಳ ಪಾಲಿಗೆ ಹೋದಳು.

ಕೆನ್ಸಿಂಗ್ಟನ್‌ನಲ್ಲಿ ಎಲ್ಲರ ಮೇಲೂ ಯಜಮಾನಿಕೆ ನಡೆಸುತ್ತಿದ್ದವನು ತಾಯಿಯ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಜಾನ್ ಕಾನ್‌ರಾಯ್. ಭಾವಿ ರಾಣಿಯನ್ನು ಹೊರಗಿನ ಗಾಳಿ ಸೋಕದಂತೆ ಬೆಳೆಸಿ, ಅವಳ ಹೆಸರಲ್ಲಿ ತಾನು ಆಳಬೇಕೆಂಬುದು ಅವನ ಲೆಕ್ಕ. ವಿಕ್ಟೋರಿಯಾ ಪಟ್ಟಕ್ಕೆ ಬರುವವರೆಗೂ ತಾಯಿಯ ಕೋಣೆಯಲ್ಲೇ ಮಲಗಬೇಕಿತ್ತು. ಯಾರದಾದರೂ ಕೈ ಹಿಡಿಯದೆ ಮೆಟ್ಟಿಲು ಇಳಿಯುವಂತಿರಲಿಲ್ಲ. ಇದನ್ನು ಎಲ್ಲ ಜೀವನಚರಿತ್ರೆಗಳೂ ಹೇಳುತ್ತವೆ. ಅಕ್ಕನ ಪಾಡು ಅಷ್ಟಾಗಿ ಬರುವುದಿಲ್ಲ. 1843ರಲ್ಲಿ ತಂಗಿಗೆ ಬರೆದ ಕಾಗದದಲ್ಲಿ ಅವಳು ಆ ದಿನಗಳನ್ನು ನೆನೆದಿದ್ದಾಳೆ: ಹೊರಗಿನವರ ಒಡನಾಟವೇ ಇಲ್ಲದ ಆ ಬದುಕಿನಲ್ಲಿ ಸಂತೋಷವೆಂದರೆ ಪುಟ್ಟ ತಂಗಿ ಮತ್ತು ಲೇಟ್‌ಸೆನ್ ಜೊತೆ ಗಾಡಿಯಲ್ಲಿ ಹೊರಗೆ ಹೋಗುವುದು ಮಾತ್ರ, ಆಗಷ್ಟೇ ಮನಸ್ಸು ಬಂದಂತೆ ಮಾತಾಡಬಹುದಿತ್ತು. ಮದುವೆಯಾಗಿ ತಾನು ಪಾರಾದೆ, ನೀನೊಬ್ಬಳೇ ಅದನ್ನು ಅನುಭವಿಸಬೇಕಾಯಿತು ಎಂಬ ನೋವೂ ಆ ಕಾಗದದಲ್ಲಿದೆ. ಸೆರೆಯಿಂದ ಬಿಡುಗಡೆಯಾದವಳು ಒಳಗೆ ಉಳಿದವಳ ಕ್ಷಮೆ ಕೇಳುವ ಧಾಟಿ.

ಆ ಮದುವೆ ಆತುರದ್ದು. ಫಿಯೋಡೋರಾ ಚೆಲುವೆ. 1826ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಇವರನ್ನೆಲ್ಲ ವಿಂಡ್ಸರ್‌ಗೆ ಕರೆಸಿಕೊಂಡ. ಮುದುಕನ ಕಣ್ಣು ಹುಡುಗಿಯ ಮೇಲೆ ಬಿದ್ದಿದೆ, ಮದುವೆಯೇ ಆದಾನು ಎಂದು ಜನ ಮಾತಾಡಿಕೊಂಡರು. ವಿಕ್ಟೋರಿಯಾ ತನ್ನ ಬಾಲ್ಯದ ನೆನಪುಗಳಲ್ಲಿ ಇದನ್ನು ಬರೆದಿಟ್ಟಿದ್ದಾಳೆ. ದೊರೆಗೆ ಆಗ 64, ಅವಳಿಗೆ 18. ಅವಳ ಹೊಟ್ಟೆಯಲ್ಲಿ ಮಗು ಹುಟ್ಟಿದರೆ ವಿಕ್ಟೋರಿಯಾಳ ಪಟ್ಟ ಹೋಯಿತು! ಒಬ್ಬ ಮಗಳ ಸೌಭಾಗ್ಯ ಇನ್ನೊಬ್ಬ ಮಗಳ ಭವಿಷ್ಯವನ್ನು ನುಂಗುವ ಇಂಥ ಇಕ್ಕಟ್ಟು ಯಾವ ತಾಯಿಗೂ ಬೇಡ. ಅಷ್ಟರಲ್ಲಿ ಸಸೆಕ್ಸ್ ಡ್ಯೂಕನ ಮಗ ಆಗಸ್ಟಸ್ ಡೆಸ್ಟೆ ಬೇರೆ ಪ್ರೇಮಪತ್ರ ಬರೆಯುತ್ತಿದ್ದ. ಅವನ ಹೆತ್ತವರ ಮದುವೆಗೆ ಕಾನೂನಿನ ಮನ್ನಣೆ ಇರಲಿಲ್ಲವಾದ್ದರಿಂದ ಅದೂ ಆಗದ ಮಾತು. ಒಟ್ಟಿನಲ್ಲಿ ಹುಡುಗಿಯನ್ನು ಬೇಗ ದಾಟಿಸಬೇಕಿತ್ತು. 1828ರ ಫೆಬ್ರವರಿ 18ರಂದು ಕೆನ್ಸಿಂಗ್ಟನ್ ಅರಮನೆಯಲ್ಲಿ ಹೊಹೆನ್‌ಲೋಹೆ-ಲಾಂಗೆನ್‌ಬುರ್ಗ್‌ನ ಪ್ರಿನ್ಸ್ ಅರ್ನ್ಸ್ಟ್ ಜೊತೆ ಧಾರೆ ಎರೆದರು. ವರನಿಗೆ 33. ಹುಡುಗ ಹುಡುಗಿ ಅದಕ್ಕೆ ಮೊದಲು ಎರಡೇ ಸಲ ಮುಖ ನೋಡಿದ್ದರು. ಬಿಳಿ ಬಟ್ಟೆ ತೊಟ್ಟ ಎಂಟು ವರ್ಷದ ತಂಗಿ ಬುಟ್ಟಿ ಹಿಡಿದು ಬಂದವರಿಗೆಲ್ಲ ಕಾಣಿಕೆ ಹಂಚುತ್ತಾ ಓಡಾಡಿದ್ದನ್ನು ಅಕ್ಕ ಕೊನೆಯವರೆಗೂ ಮರೆಯಲಿಲ್ಲ.

ಅಕ್ಕ ಹೋದ ಮೇಲೆ ತಂಗಿಗೆ ಜೊತೆಯಾದದ್ದು ಮರದ ಗೊಂಬೆಗಳು. ಲೇಟ್‌ಸೆನ್ ಜೊತೆ ಕೂತು ಅವುಗಳಿಗೆ ಬಟ್ಟೆ ಹೊಲಿಯುವುದು, ಹೆಸರಿಡುವುದು. ಅಂಥ ಗೊಂಬೆಗಳು 132 ಆದವು.

ಗಂಡನ ಮನೆ ಲಾಂಗೆನ್‌ಬುರ್ಗ್ ಯಾಗ್‌ಸ್ಟ್ ನದಿಯ ಕಣಿವೆಯ ಮೇಲೆ, ಗುಡ್ಡದ ನೆತ್ತಿಯಲ್ಲಿರುವ ಕೋಟೆ. ಚಿತ್ರದಲ್ಲಿ ಬಲು ಚೆಂದ. ಇರುವವರಿಗೆ ಗೊತ್ತು: ಉದ್ದುದ್ದ ಪಡಸಾಲೆ, ಥಂಡಿ ಗೋಡೆ, ಕಾಯಿಸಿದಷ್ಟೂ ಕಾಯದ ಕೋಣೆಗಳು. ಹೊಹೆನ್‌ಲೋಹೆ ಮನೆತನವೂ 1806ರಲ್ಲಿ ರಾಜ್ಯ ಕಳೆದುಕೊಂಡು ವ್ಯೂರ್ಟೆಂಬರ್ಗ್ ದೊರೆಯ ಪ್ರಜೆಗಳಾದದ್ದೇ. ಊರಿಗೆ ಇಂದಿಗೂ ಹೆಸರು ತರುವುದು ವೀಬೆಲೆ ಎಂಬ ಗುಂಡಿಯಷ್ಟು ದೊಡ್ಡ ಬಿಸ್ಕತ್ತು. ಆಡಂಬರಕ್ಕೆ ದುಡ್ಡಿಲ್ಲ. ಆದರೆ ಎರಡೇ ಸಲ ನೋಡಿ ಆದ ಮದುವೆ ಗಟ್ಟಿಯಾಗಿ ನಿಂತಿತು. ಹನ್ನೊಂದು ವರ್ಷದಲ್ಲಿ ಆರು ಮಕ್ಕಳು, ಮೂರು ಗಂಡು, ಮೂರು ಹೆಣ್ಣು.

ಮದುವೆಯಾಗಿ ಆರು ವರ್ಷಕ್ಕೆ, 1834ರ ಬೇಸಿಗೆಯಲ್ಲಿ, ಗಂಡ ಮತ್ತು ಮಕ್ಕಳೊಂದಿಗೆ ಅವಳು ತವರಿಗೆ ಬಂದಳು. ತವರು ಅನ್ನಬೇಕೋ ಬೇಡವೋ! ಅಕ್ಕ ಹೊರಟುಹೋದ ದಿನ ಹದಿನೈದರ ತಂಗಿ ಬಿಕ್ಕಿ ಬಿಕ್ಕಿ ಅತ್ತಳು. 1838ರಲ್ಲಿ ತಂಗಿಯ ಪಟ್ಟಾಭಿಷೇಕಕ್ಕೆ ಅಕ್ಕ ಮತ್ತೆ ಬಂದಳು. ನಡುವಿನ ಕಾಲವನ್ನು ತುಂಬಿದ್ದು ಕಾಗದಗಳು, ಹೆಚ್ಚುಕಡಿಮೆ ವಾರಕ್ಕೊಂದರಂತೆ, ನಲವತ್ತು ಚಿಲ್ಲರೆ ವರ್ಷ. ಒಬ್ಬಳ ಮೊಹರಿನ ಕೆಳಗೆ ಅರ್ಧ ಪ್ರಪಂಚ, ಇನ್ನೊಬ್ಬಳಿಗೆ ಚಳಿಗಾಲದ ಸೌದೆಯ ಚಿಂತೆ. ತಂಗಿ ಆಗಾಗ ಹಣ ಕಳಿಸುತ್ತಿದ್ದಳು, ಮಕ್ಕಳಿಗೆ ದಾರಿ ತೋರಿಸುತ್ತಿದ್ದಳು. ಬುದ್ಧಿಮಾತು ಮಾತ್ರ ಲಾಂಗೆನ್‌ಬುರ್ಗ್‌ನಿಂದ ಲಂಡನ್ನಿಗೆ ಹೋಗುತ್ತಿತ್ತು. ಇಡೀ ಸಾಮ್ರಾಜ್ಯದಲ್ಲಿ ವಿಕ್ಟೋರಿಯಾಳ ಹಟವನ್ನು ಮುಖಕ್ಕೆ ಹೇಳಬಲ್ಲ ಹೆಂಗಸು ಇವಳೊಬ್ಬಳೇ ಇದ್ದಿರಬೇಕು ಎಂದು ನನಗನ್ನಿಸುತ್ತದೆ.

1852ರ ಕೊನೆಯಲ್ಲಿ ಒಂದು ಭಾರಿ ಸಂಬಂಧ ಬಂತು. ಫ್ರಾನ್ಸಿನ ಹೊಸ ಚಕ್ರವರ್ತಿ ಮೂರನೆಯ ನೆಪೋಲಿಯನ್ ಫಿಯೋಡೋರಾಳ ಮಗಳು ಆಡೆಲ್‌ಹೈಡ್‌ಳನ್ನು ಕೇಳಿದ. ಹುಡುಗಿಗೆ 17. ಗಂಡಿನ ನಡತೆ ಕುಖ್ಯಾತ, ಮತ ಕ್ಯಾಥೊಲಿಕ್, ಸಿಂಹಾಸನ ನಿನ್ನೆ ಮೊನ್ನೆ ಕಟ್ಟಿದ್ದು. ಅವನ ದೊಡ್ಡಪ್ಪನೇ ಅಲ್ಲವೆ ಈ ಎರಡೂ ಮನೆಗಳ ರಾಜ್ಯ ಕಸಿದವನು? ವಿಕ್ಟೋರಿಯಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಿರ್ಧಾರ ಹೆತ್ತವರದು ಎಂದು ಕೂತಳು. (ಇದೇ ವರ್ಷ ಅವಳು ಕೊಡಗಿನ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ ಧರ್ಮತಾಯಿಯಾಗಿ ತನ್ನ ಹೆಸರನ್ನೇ ಇಟ್ಟಿದ್ದಳು. ಆ ಹುಡುಗಿಗೆ ಗಂಡು ಗೊತ್ತುಮಾಡುವ ವಿಷಯದಲ್ಲಿ ರಾಣಿ ಇಷ್ಟು ಸಂಕೋಚ ಪಡಲಿಲ್ಲ. ಪಂಜಾಬಿನ ದುಲೀಪ್ ಸಿಂಗ್ ಆಗಬಹುದೆಂದು ಮನಸ್ಸಿನಲ್ಲೇ ಜೋಡಿ ಮಾಡಿಟ್ಟಿದ್ದಳು.) ಕಡೆಗೆ ಅರ್ನ್ಸ್ಟ್ ಬೇಡವೆಂದ. ಉತ್ತರ ತಲುಪುವ ಹೊತ್ತಿಗೆ ನೆಪೋಲಿಯನ್ ಸ್ಪೇನಿನ ಚೆಲುವೆ ಯೂಜೀನಿಯನ್ನು ಒಪ್ಪಿಯಾಗಿತ್ತು.

ಆಡೆಲ್‌ಹೈಡ್ 1856ರಲ್ಲಿ ಸೇರಿದ್ದು ಶ್ಲೆಸ್ವಿಗ್-ಹೋಲ್‌ಸ್ಟೈನ್‌ನ ಹಕ್ಕುದಾರ ಫ್ರೆಡರಿಕ್‌ನ ಮನೆಯನ್ನು. ಅವನ ಹಕ್ಕೂ ಕಾಗದದ ಮೇಲಿನದೇ. 1864ರಲ್ಲಿ ಡೆನ್ಮಾರ್ಕಿನಿಂದ ಕಿತ್ತುಕೊಂಡ ಆ ಸೀಮೆಯನ್ನು ಎರಡು ವರ್ಷದ ಬಳಿಕ ಪ್ರಷ್ಯ ನುಂಗಿತು. ಅದೇ 1866ರಲ್ಲಿ ವಿಕ್ಟೋರಿಯಾ ತನ್ನ ಮಗಳು ಹೆಲೆನಾಳನ್ನು ಫ್ರೆಡರಿಕ್‌ನ ತಮ್ಮ ಕ್ರಿಶ್ಚಿಯನ್‌ಗೆ ಕೊಟ್ಟಳು. ಅಕ್ಕತಂಗಿಯರ ಮಕ್ಕಳು ಓರಗಿತ್ತಿಯರಾದರು.

ಇಲ್ಲಿ ನಮ್ಮ ಸಂಬಂಧವಾಚಕಗಳನ್ನು ಹಿಡಿದು ನೋಡಿದರೆ ಸ್ವಾರಸ್ಯ. ಇಂಗ್ಲಿಷಿಗೆ ಎಲ್ಲರೂ ‘ಕಸಿನ್’. ನಮ್ಮಲ್ಲಿ ಹಾಗಲ್ಲ. ವಿಕ್ಟೋರಿಯಾ ಮದುವೆಯಾದ ಆಲ್ಬರ್ಟ್ ಅವಳ ತಾಯಿಯ ಅಣ್ಣನ ಮಗ, ಅಂದರೆ ಸೋದರಮಾವನ ಮಗ. ನಮ್ಮ ಅಜ್ಜಿಯರು ಕಣ್ಣುಮುಚ್ಚಿ ಒಪ್ಪುವ ವಾವೆ. ಹುಡುಗ ಮೂರು ತಿಂಗಳು ಚಿಕ್ಕವನು ಎಂದು ಮಾತ್ರ ಗೊಣಗಿಯಾರು. ಮುಂದಿನ ತಲೆಮಾರಿಗೆ ಬನ್ನಿ. 1881ರಲ್ಲಿ ವಿಕ್ಟೋರಿಯಾಳ ಮಗಳ ಮಗ, ಮುಂದಿನ ಕೈಸರ್ ವಿಲ್‌ಹೆಲ್ಮ್, ಫಿಯೋಡೋರಾಳ ಮಗಳ ಮಗಳು ಆಗಸ್ಟೆ ವಿಕ್ಟೋರಿಯಾಳನ್ನು ಕೈಹಿಡಿದ. ಅಕ್ಕತಂಗಿಯರ ಹೆಣ್ಣುಮಕ್ಕಳು ನಮಗೆ ಅಕ್ಕತಂಗಿಯರೇ. ಅವರ ಮಕ್ಕಳು ಅಣ್ಣತಂಗಿ. ನಮ್ಮ ಪುರೋಹಿತರು ಚಪ್ಪರದಿಂದಲೇ ಎದ್ದು ಹೋಗುತ್ತಿದ್ದರು. 1896ರಲ್ಲಿ ಮತ್ತೊಮ್ಮೆ ಅದೇ ಆಯಿತು: ಫಿಯೋಡೋರಾಳ ಮಗ ಹರ್ಮನ್‌ನ ಮಗನಿಗೆ ವಿಕ್ಟೋರಿಯಾಳ ಮಗ ಆಲ್‌ಫ್ರೆಡ್‌ನ ಮಗಳು. ಅವರ ಪಂಚಾಂಗಕ್ಕೆ ಬೇಕಾದದ್ದು ಹುಟ್ಟಿನ ಸಮಾನತೆ, ವಾವೆಯ ಗೊಡವೆ ಅಲ್ಲ.

ಸಮಾನತೆಯ ನಿಯಮ ಮುರಿದವರಿಗೆ ಮಾತ್ರ ಕ್ಷಮೆ ಇಲ್ಲ. ಫಿಯೋಡೋರಾಳ ಹಿರಿಯ ಮಗ ಕಾರ್ಲ್ ಒಬ್ಬ ವ್ಯಾಪಾರಿಯ ಮಗಳನ್ನು ಮೆಚ್ಚಿದ. 1860ರಲ್ಲಿ ಅಪ್ಪ ಸತ್ತೊಡನೆ ಲಾಂಗೆನ್‌ಬುರ್ಗ್‌ನ ಹಕ್ಕನ್ನೆಲ್ಲ ತಮ್ಮ ಹರ್ಮನ್‌ಗೆ ಬಿಟ್ಟುಕೊಟ್ಟು ಅವಳನ್ನು ಮದುವೆಯಾದ. ಮೂರನೆಯವನು ವಿಕ್ಟರ್. ಚಿಕ್ಕಮ್ಮನ ಕೃಪೆಯಿಂದ ಹುಡುಗನಾಗಿದ್ದಾಗಲೇ ಬ್ರಿಟಿಷ್ ನೌಕಾಪಡೆ ಸೇರಿ, ಕ್ರಿಮಿಯಾ, ಚೀನಾ ಸುತ್ತಿ, ಒಬ್ಬ ಅಡ್ಮಿರಲನ ಮಗಳನ್ನು ಮದುವೆಯಾದ. ಇಂಗ್ಲೆಂಡಿನಲ್ಲಿ ಅದು ಘನವಾದ ಮನೆತನ. ಜರ್ಮನ್ ಲೆಕ್ಕದಲ್ಲಿ ಕೀಳು. ‘ಪ್ರಿನ್ಸ್’ ಬಿಟ್ಟು ‘ಕೌಂಟ್ ಗ್ಲೈಖೆನ್’ ಎಂಬ ಸಣ್ಣ ಹೆಸರಿಗೆ ಇಳಿಯಬೇಕಾಯಿತು. ಆರೋಗ್ಯ ಕೆಟ್ಟು ಹಡಗು ಬಿಟ್ಟವನು ಉಳಿ ಹಿಡಿದ. ವಾಂಟೇಜ್ ಊರಿನ ಚೌಕದಲ್ಲಿ ನಿಂತಿರುವ ಆಲ್‌ಫ್ರೆಡ್ ದೊರೆಯ ಪ್ರತಿಮೆ, 1877ರದು, ಅವನ ಕೈಕೆಲಸ. ಅವನ ಮಗಳು, ಅಜ್ಜಿಯ ಹೆಸರಿನವಳೇ, ಅಪ್ಪನಿಗಿಂತ ದೊಡ್ಡ ಶಿಲ್ಪಿಯಾದಳು. ಲಂಡನ್ನಿನ ಹೈಡ್ ಪಾರ್ಕ್‌ನ ಡಯಾನಾ ಕಾರಂಜಿ ಅವಳದು. ಈ ಮನೆತನದಲ್ಲಿ ನನಗೆ ತುಂಬ ಇಷ್ಟವಾಗುವವರು ಈ ಅಪ್ಪ ಮಗಳು.

ಹಿರಿಯ ಮಗಳು ಎಲಿಸೆ 1850ರಲ್ಲೇ ಕ್ಷಯದಿಂದ ಹೋಗಿದ್ದಳು. 1861ರ ಮಾರ್ಚ್‌ನಲ್ಲಿ ತಾಯಿ ವಿಕ್ಟೋರ್, ಡಿಸೆಂಬರ್‌ನಲ್ಲಿ ಆಲ್ಬರ್ಟ್. ಇಬ್ಬರೂ ವಿಧವೆಯರಾದ ಮೇಲೆ ವಿಕ್ಟೋರಿಯಾ ಅಕ್ಕನನ್ನು ತನ್ನ ಬಳಿ ಇರಿಸಿಕೊಳ್ಳಲು ಬಯಸಿದಳು. ಅಕ್ಕ ಬಂದು ಸಮಾಧಾನ ಹೇಳಿದಳೇ ಹೊರತು ಉಳಿಯಲಿಲ್ಲ. ತನ್ನದೇ ಒಂದು ಬಾಗಿಲು ಇರಲಿ ಎಂದಿರಬಹುದು. ಕೆನ್ಸಿಂಗ್ಟನ್ ನೆನಪು ಅಷ್ಟು ಬೇಗ ಮಾಸುವಂಥದಲ್ಲ. ಬಾಡೆನ್-ಬಾಡೆನ್‌ನ ಒಂದು ವಿಲ್ಲಾದಲ್ಲಿ ಅವಳ ಕೊನೆಯ ವರ್ಷಗಳು ಕಳೆದವು. 1872ರ ಫೆಬ್ರವರಿಯಲ್ಲಿ ಕಿರಿಮಗಳು ಸಾಂಕ್ರಾಮಿಕ ಜ್ವರಕ್ಕೆ ಬಲಿಯಾದಳು. ವಸಂತದಲ್ಲಿ ತಂಗಿ ಬಾಡೆನ್-ಬಾಡೆನ್‌ಗೇ ಬಂದು ನೋಡಿಕೊಂಡು ಹೋದಳು. ಸೆಪ್ಟೆಂಬರ್ 23ರಂದು ಫಿಯೋಡೋರಾ ತೀರಿಕೊಂಡಾಗ ವಿಕ್ಟೋರಿಯಾ ಸ್ಕಾಟ್ಲೆಂಡಿನ ಬಾಲ್ಮೊರಲ್‌ನಲ್ಲಿದ್ದಳು. ಅಕ್ಕನ ಕಾಗದಗಳ ನಡುವೆ ತಂಗಿಯ ಹೆಸರಿಗೆ ಬರೆದಿಟ್ಟ ಒಂದು ಪತ್ರ ಸಿಕ್ಕಿತು, 1854ರಲ್ಲಿ ಬರೆದದ್ದು. ತಾನು ಸತ್ತ ಮೇಲೆ ತಲುಪಲಿ ಎಂದು ಹದಿನೆಂಟು ವರ್ಷ ಮೊದಲೇ ಕೃತಜ್ಞತೆ ಹೇಳಿಟ್ಟಿದ್ದಳು.

1914ರಲ್ಲಿ ಯುದ್ಧ ಬಂತು. ಜರ್ಮನಿಯ ಸಾಮ್ರಾಜ್ಞಿ ಫಿಯೋಡೋರಾಳ ಮಗಳ ಮಗಳು. ಫ್ರಾನ್ಸಿನ ನೆಲದಲ್ಲಿ ಅವಳ ಗಂಡನ ಸೈನ್ಯದ ಎದುರು ಒಂದು ಬ್ರಿಟಿಷ್ ಬ್ರಿಗೇಡಿನ ದಂಡನಾಯಕ ಎಡ್ವರ್ಡ್ ಗ್ಲೈಖೆನ್, ಶಿಲ್ಪಿ ವಿಕ್ಟರ್‌ನ ಮಗ. ಆ ಸಾಮ್ರಾಜ್ಞಿ ಈ ಜನರಲನಿಗೆ ಸೋದರತ್ತೆಯ ಮಗಳು. ಮೂರು ವರ್ಷದ ಬಳಿಕ ಐದನೆಯ ಜಾರ್ಜ್ ಮನೆತನದ ಜರ್ಮನ್ ಬಿರುದುಗಳನ್ನು ಕಳಚಿದಾಗ ಗ್ಲೈಖೆನ್‌ಗಳೂ ‘ಕೌಂಟ್’ ಬಿಟ್ಟರು. ಅಪ್ಪನ ಕಾಲಕ್ಕೆ ಕೀಳೆನಿಸಿದ ಬಿರುದು ಮಗನ ಕಾಲಕ್ಕೆ ಅಪಾಯದ್ದಾಗಿತ್ತು. ಇಂದಿನ ಸ್ವೀಡನ್ನಿನ ದೊರೆ, ಸ್ಪೇನಿನ ದೊರೆ ಇಬ್ಬರೂ ಅಕ್ಕನ ಕಡೆಯಿಂದಲೂ ತಂಗಿಯ ಕಡೆಯಿಂದಲೂ ಬಂದವರು. ಆಳಲು ಒಂದು ಹಳ್ಳಿಯೂ ಇಲ್ಲದ ಮನೆಯಲ್ಲಿ ಹುಟ್ಟಿದವಳ ಸಂತತಿ ಇದು.

1931ರಲ್ಲಿ ಲಾಂಗೆನ್‌ಬುರ್ಗ್‌ನ ಗಾಟ್‌ಫ್ರೀಡ್, ಫಿಯೋಡೋರಾಳ ಮರಿಮಗ, ಗ್ರೀಸಿನ ರಾಜಕುಮಾರಿ ಮಾರ್ಗರೀಟಾಳನ್ನು ಮದುವೆಯಾದ. ಅವಳು ಎಡಿನ್‌ಬರೋ ಡ್ಯೂಕ್ ಫಿಲಿಪ್‌ನ ದೊಡ್ಡಕ್ಕ. 1965ರ ಮೇ ತಿಂಗಳಲ್ಲಿ ಎರಡನೆಯ ಎಲಿಜಬೆತ್ ಪಶ್ಚಿಮ ಜರ್ಮನಿಯ ಪ್ರವಾಸದ ನಡುವೆ ಆ ಗುಡ್ಡದ ಕೋಟೆಗೆ ಹೋಗಿಬಂದಳು. ಗಂಡನ ಅಕ್ಕನ ಮನೆಗೆ ಹೋದಳು ಎಂದೇ ಎಲ್ಲರೂ ತಿಳಿದರು. ತಪ್ಪೇನಲ್ಲ. ಆದರೆ ಅದಕ್ಕೂ ಮೊದಲೇ ಅದು ಅವಳ ಮುತ್ತಜ್ಜನ ದೊಡ್ಡಮ್ಮನ ಮನೆಯಾಗಿತ್ತು.